ಗೋಡೆ ಮೇಲಿನ ಲೆಕ್ಕ

ನಮ್ಮ ಕಾಲದ ನಂದಗುಡಿಯಲ್ಲಿ ಅರ್ಧ ತೀರ್ಮಾನ ಮಳೆಯದು, ಉಳಿದರ್ಧ ಹಿರೀಕರದು. ಮಳೆ ಹದವಾಗಿ ಬಿದ್ದರೆ ರಾಗಿ, ಕೈಕೊಟ್ಟರೆ ಹುರುಳಿ. ಬೆಳೆ ಚೆನ್ನಾಗಿ ಬಂದ ವರ್ಷ ಹಗೇವು ತುಂಬುತ್ತಿತ್ತು, ಇಲ್ಲದಿದ್ದರೆ ಮನೆಯೊಳಗಿನ ಮಣ್ಣಿನ ವಾಡೆಯೇ ಹೆಚ್ಚು. ಹಗೇವು ಅಂದರೆ ನೆಲದೊಳಗಿನ ರಾಗಿ ಗುಂಡಿ. ಬಾಯಿ ತೆಗೆದಾಗ ಏಳುತ್ತಿದ್ದ ಆ ಬಿಸಿ ಮುಗ್ಗಲು ವಾಸನೆಯನ್ನು ನೀವು ಕಂಡಿರಲಿಕ್ಕಿಲ್ಲ. ಇನ್ನು ಹಿರೀಕರ ಪಾಲಿನದು, ಯಾರ ಮನೆಯಿಂದ ಹೆಣ್ಣು, ಯಾವ ಕೆಲಸ ಅನ್ನೋದೆಲ್ಲ ನಮ್ಮ ಕಿವಿಗೆ ಬೀಳುವಷ್ಟರಲ್ಲಿ ಮುಗಿದಿರುತ್ತಿತ್ತು.

ಅಪ್ಪ ಕೂತು, ಯೋಚಿಸಿ, ಒಂದು ನಿರ್ಧಾರಕ್ಕೆ ಬಂದದ್ದನ್ನು ನಾನು ನೋಡಿದ್ದು 1979ರ ಬೇಸಿಗೆಯಲ್ಲಿ. ಬೆಂಗಳೂರು ದೂರವಾಣಿನಗರದ ಐಟಿಐ ಟೆಲಿಫೋನ್ ಕಾರ್ಖಾನೆಗೆ ನಾನು ಅರ್ಜಿ ಹಾಕಲಿ ಅಂತ ಸೋದರಮಾವ ಹೇಳಿಕಳಿಸಿದ್ದರು. ಅಪ್ಪನಿಗೋ ಹೊಲಕ್ಕೆಲ್ಲ ಹಿಪ್ಪುನೇರಳೆ ಇಟ್ಟು ನನ್ನನ್ನು ರೇಷ್ಮೆಗೆ ಹಚ್ಚುವ ಆಸೆ. ಪಡಸಾಲೆ ಗೋಡೆಗೆ ಇದ್ದಿಲಲ್ಲಿ ಎರಡು ಸಾಲು ಎಳೆದ. ಎಡಕ್ಕೆ ಕಂಪನಿ ಸಂಬಳ, ರೂಮಿನ ಬಾಡಿಗೆ, ಹೋಟೆಲು ಊಟ, ಟೀ ಕೂಡ. ಬಲಕ್ಕೆ ಮೊಟ್ಟೆ, ಗೊಬ್ಬರ, ಹಣ್ಣಾದ ಹುಳು ಬಿಡೋ ಬಿದಿರ ಚಂದ್ರಂಕಿಯ ಬಾಡಿಗೆ, ಶಿಡ್ಲಘಟ್ಟದ ಮಾರ್ಕೆಟ್ಟಿಗೆ ಗೂಡು ಸಾಗಿಸೋ ಖರ್ಚು. ಗೂಡು ಕೆಜಿಗೆ 30 ರೂಪಾಯಿ ಅಂತ ಬರೆದು, ಅಂಗೈಯಲ್ಲಿ ಒರೆಸಿ, 20 ಅಂತ ತಿದ್ದಿದ.

ಅವ್ವ ಮೊರದಲ್ಲಿ ರಾಗಿ ಕೇರುತ್ತಿದ್ದಳು. “ನಾಲ್ಕನೇ ಜ್ವರ ಎದ್ದ ಹುಳಕ್ಕೆ ನಡುರಾತ್ರೀಲಿ ಸೊಪ್ಪು ಹಾಕೋರ್ಯಾರು? ಅದನ್ನ ಯಾವ ಸಾಲಲ್ಲಿ ಬರೆದಿದ್ದೀರಿ?” ಅಂದಳು.

ರೇಷ್ಮೆಹುಳು ನಾಲ್ಕು ಸಲ ಪೊರೆ ಬಿಡುತ್ತೆ. ಮೇವು ಬಿಟ್ಟು ತಲೆಯೆತ್ತಿ ಕೂರುವ ಆ ಹೊತ್ತನ್ನೇ ನಾವು ಜ್ವರ ಅನ್ನೋದು. ನಾಲ್ಕನೆಯದು ಎದ್ದ ಮೇಲೆ ವಾರದಷ್ಟು ದಿನ ಹಗಲು ರಾತ್ರಿ ತಿನ್ನುತ್ತೆ. ಹಸಿ ಸೊಪ್ಪು, ಹಿಕ್ಕೆ, ಸುಣ್ಣದ ಪುಡಿ ಸೇರಿದ ವಾಸನೆಯಲ್ಲೇ ಮನೆ ಹೆಂಗಸರು ಹುಳದ ತಟ್ಟೆ ಪಕ್ಕ ಮಗ್ಗುಲಾಗಬೇಕಿತ್ತು. ಅಪ್ಪ ಇದ್ದಿಲು ಕೆಳಗಿಟ್ಟ. ಕೊನೆಗೆ ಸೊಪ್ಪು ಒಂದೇ ಎಕರೆ, ಉಳಿದದ್ದು ರಾಗಿ, ವರ್ಷಕ್ಕೆ ನಾಲ್ಕು ರೇಷ್ಮೆ ಬೆಳೆಗಿಂತ ಹೆಚ್ಚು ಬೇಡ ಅಂತಾಯಿತು.

ಆಮೇಲೆ ನನ್ನ ಕಡೆ ತಿರುಗಿ, “ನಿನಗೇನು ಬೇಕೋ?” ಅಂದ. ಹತ್ತೊಂಬತ್ತರ ಹುಡುಗ ನಾನು, ಕಂಪನಿ ಬಸ್ಸು, ಕ್ಯಾಂಟೀನು ಕಣ್ಣಿಗೆ ಕಟ್ಟಿದ್ದವು. ಕಪಿಲೆ ಬಾವಿ ಕಟ್ಟೆ ಮೇಲೆ ಹೊತ್ತು ಮುಳುಗೋವರೆಗೂ ಕೂತಿದ್ದು ಬಂದು, ಊರಲ್ಲೇ ಇರ್ತೀನಿ ಅಂದೆ. ನನ್ನನ್ನೂ ಕೇಳಿದರಲ್ಲ ಅನ್ನೋ ಹಿಗ್ಗಿಗೆ ಆ ರಾತ್ರಿ ನಿದ್ದೆ ಬರಲಿಲ್ಲ.

ಎಂಬತ್ತರ ದಶಕದಲ್ಲಿ ಸರ್ಕಾರದ ಸಾಮಾಜಿಕ ಅರಣ್ಯ ಯೋಜನೆ ಬಂತು, ರಾಗಿ ಹೊಲಗಳಲ್ಲಿ ನೀಲಗಿರಿ ಎದ್ದಿತು. ಕಳೆ ಕೀಳೋದಿಲ್ಲ, ಕಾವಲಿಲ್ಲ, ಕೆಲವು ವರ್ಷಕ್ಕೊಮ್ಮೆ ಕಡಿದರೆ ದುಡ್ಡು. ಮಕ್ಕಳು ಬೆಂಗಳೂರು ಸೇರಿದ ಮೇಲೆ ಮುದುಕರು ಉಳೋದು ಹೇಗೆ? ಅವರನ್ನು ನಾನು ಬೈಯೋದಿಲ್ಲ. ಪಕ್ಕದವನು ಹಾಕಿದ ಅಂತ ಹಾಕಿದವರನ್ನು ಕಂಡಾಗ ಮಾತ್ರ ಹೊಟ್ಟೆ ಉರಿಯುತ್ತಿತ್ತು. 2017ರಲ್ಲಿ ಸರ್ಕಾರವೇ ಹೊಸದಾಗಿ ನೆಡೋದನ್ನು ನಿಷೇಧಿಸಿತು. ಅಷ್ಟರಲ್ಲಿ ಬಾವಿಗಳು ಒಣಗಿ, ಕೊಳವೆಬಾವಿ ಸಾವಿರ ಅಡಿ ಮುಟ್ಟಿತ್ತು.

ಅದಕ್ಕೂ ಮೊದಲೇ, 2006ರಲ್ಲಿ, ಬಿಡದಿ, ರಾಮನಗರ, ಸಾತನೂರು, ಸೋಲೂರಿನ ಜತೆ ನಂದಗುಡಿಗೂ ಟೌನ್‌ಶಿಪ್ಪು ಅಂದಿದ್ದರು ಸರ್ಕಾರದವರು. ಆ ಮಾತು ಅಲ್ಲಿಂದೀಚೆಗೆ ಮಲಗಿ ಎದ್ದು ಮಾಡುತ್ತಲೇ ಇದೆ. ಅರಳಿಕಟ್ಟೆಯಲ್ಲಿ ಎಕರೆಗೆ ಎಷ್ಟು ಅನ್ನೋ ಮಾತೇ ಮಾತು. ಕೊಟ್ಟ ಮೇಲೆ ಬೆಳಗ್ಗೆ ಎದ್ದು ಎಲ್ಲಿಗೆ ಹೋಗೋದು ಅಂತ ಕೇಳುತ್ತಿದ್ದವರು ಹೆಂಗಸರು. ಮಾರುವವರು ಮಾರಲಿ, ಉಳಿಸಿಕೊಳ್ಳುವವರು ಉಳಿಸಿಕೊಳ್ಳಲಿ, ಕಾಲ ನಿಲ್ಲೋದಿಲ್ಲ. ಮನೆ ಮಂದಿಯನ್ನೆಲ್ಲ ಕೂರಿಸಿಕೊಂಡು ಕೇಳಿದ್ದೀರಾ ಅನ್ನೋದೊಂದೇ ನನ್ನ ತಕರಾರು.

ನಮ್ಮ ಆ ಒಂದೆಕರೆ ಸೊಪ್ಪು ಈಗಲೂ ಇದೆ. ತಟ್ಟೆ ಹೋಗಿ ಅಟ್ಟಣೆ ಬಂತು, ಎಲೆ ಬಿಡಿಸೋದು ಬಿಟ್ಟು ರೆಂಬೆಯನ್ನೇ ಹಾಕ್ತಾರೆ, ಚಂದ್ರಂಕಿ ಪ್ಲಾಸ್ಟಿಕ್ಕಿನದು. ಎರಡನೇ ಜ್ವರ ಎದ್ದ ಹುಳು, ಎಳೆ ಹುಳು ಸಾಕಿ ಕೊಡೋ ಚಾಕಿ ಸೆಂಟರಿನಿಂದಲೇ ಬರುತ್ತೆ. ಮೊನ್ನೆ ಸೊಸೆ ಈ ಮಾರ್ಚಿಗೆ ಬೆಳೆ ಬೇಡ ಅಂದಳು. ಮೊಮ್ಮಗಳಿಗೆ ಎಸ್ಸೆಸ್ಸೆಲ್ಸಿ ಪರೀಕ್ಷೆ, ಮನೆಯಲ್ಲಿ ರಾತ್ರಿ ದೀಪ ಅವಳಿಗಿರಲಿ ಅಂತ. ಮಗ ಸ್ವಲ್ಪ ಹೊತ್ತು ಲೆಕ್ಕ ಹಾಕಿದ, ಆಮೇಲೆ ಸೆಂಟರಿಗೆ ಫೋನು ಮಾಡಿ ನಮ್ಮ ಹುಳು ಏಪ್ರಿಲ್‌ಗೆ ಬರೆಸಿದ.