ಮೊಲದ ತಟ್ಟೆ

ಹಿಂಗಾಲು ಉಳುಕಿದ ಮೇಲೆ ನಮ್ಮ ಮೊಲ ತಾನು ಉಚ್ಚೆ, ಹಿಕ್ಕೆ ಮಾಡುವ ತಟ್ಟೆಯನ್ನೇ ಮರೆತಂತಿದೆ. ಮಲಗಿದಲ್ಲೇ ಉಚ್ಚೆ. ಗದರಿಸಹೋದೆ. ಅವ್ವ ತಡೆದಳು: “ನೋವಿರೋವಾಗ ಅದೇನು ಬೇಕಂತ ಮಾಡ್ತದಾ ಮಗ?” ನೋಡಿದರೆ ತಟ್ಟೆಯ ಅಂಚು ನಾಲ್ಕು ಬೆರಳು ಎತ್ತರ, ದಾಟುವುದೇ ಅದಕ್ಕೆ ಕಷ್ಟ. ಒಂದು ಬದಿ ಕತ್ತರಿಸಿ ನೆಲಮಟ್ಟ ಮಾಡಿದೆ. ಪೇಪರ್ ಹಾಸಿ, ಪಕ್ಕದಲ್ಲೇ ಒಣಹುಲ್ಲಿಟ್ಟೆ. ಮೊಲ ಮೇಯುತ್ತಲೇ ಹಿಕ್ಕೆ ಹಾಕುವ ಪ್ರಾಣಿ. ಒದ್ದೆಯಲ್ಲೇ ಕೂತರೆ ಅಂಗಾಲು ಹುಣ್ಣಾಗುತ್ತದೆ, ಹಾಗಾಗಿ ದಿನಕ್ಕೆ ಮೂರು ಸಲ ಪೇಪರ್ ಬದಲಿಸುತ್ತೇನೆ. ಮಾಕವಳ್ಳಿ ಸಕ್ಕರೆ ಕಾರ್ಖಾನೆಗೆ ಕಬ್ಬಿನ ಟ್ರ್ಯಾಕ್ಟರ್ ಹೋದಾಗಲೆಲ್ಲ ಮೊಲ ಬೆಚ್ಚಿ, ತಟ್ಟೆ ಬಿಟ್ಟು ಮೂಲೆಗೆ ಸರಿಯುತ್ತದೆ, ಪಾಪ. ಎಲ್ಲಿ ಹಾಕಿದರೂ ಸರಿ, ಹಿಕ್ಕೆ ಬೀಳುತ್ತಿರಲಿ. ಅರ್ಧ ದಿನ ಮೇವು, ಹಿಕ್ಕೆ ಎರಡೂ ನಿಂತರೆ ಮೊಲದ ಜೀವಕ್ಕೇ ಕುತ್ತು. ಇವತ್ತು ಬೆಳಗ್ಗೆ ತಟ್ಟೆಯೊಳಗೆ ಏಳು ಹಿಕ್ಕೆ ಇದ್ದವು. ಅವ್ವನನ್ನು ಕರೆದು ತೋರಿಸಿದೆ.