ಬೆನ್ನ ಹಿಂದಿನ ಕೆಲಸ

ಎನಾಮಲ್ ಬ್ಯಾಡ್ಜು ಕೈಗೆ ಬಂದರೆ ಎಲ್ಲರೂ ಮುಖ ನೋಡುತ್ತಾರೆ. ನಾನು ಮಗುಚಿ ಬೆನ್ನು ನೋಡುವ ಪೈಕಿ. ಹಿಂದಿನ ಪಿನ್ನು ಕಳಚಿಹೋಗಿದ್ದರೆ ಮಾರುವವನು ಸಂಕೋಚದಿಂದ ಬೆಲೆ ಇಳಿಸುತ್ತಾನೆ. ನನಗೆ ಬೇಕಾದದ್ದೂ ಅಂಥವೇ.

ನನ್ನ ಡಬ್ಬಿಯಲ್ಲಿರುವ ಹೆಚ್ಚಿನವು ಸೋವಿಯತ್ ಕಾಲದವು. 1980ರ ಮಾಸ್ಕೋ ಒಲಿಂಪಿಕ್ಸಿನ ಮ್ಯಾಸ್ಕಟ್ ಮೀಶಾ ಕರಡಿಗೆ ಅಲ್ಲಿ ವಿಶೇಷ ಮರ್ಯಾದೆ. ವಿಕ್ಟರ್ ಚಿಝಿಕೋವ್ ರೂಪಿಸಿದ ಕರಡಿ ಮುದ್ದಾಗಿದೆ ಅನ್ನುವುದು ಒಂದು ಕಾರಣ. ಆ ಸಲ ಚಿನ್ನ ಗೆದ್ದ ನಮ್ಮ ಹಾಕಿ ತಂಡದಲ್ಲಿ ಕೊಡಗಿನ ಎಂ. ಎಂ. ಸೋಮಯ್ಯ ಇದ್ದರು ಅನ್ನುವುದು ಇನ್ನೊಂದು. ಅಭಿಮಾನಕ್ಕೆ ಅಷ್ಟು ಸಾಕು.

ಈ ಅಗ್ಗದ ಬ್ಯಾಡ್ಜುಗಳಲ್ಲಿ ಬಹಳಷ್ಟು ಅಲ್ಯೂಮಿನಿಯಮ್ಮಿನವು. ಹಿಂದೆ ಸೇಫ್ಟಿಪಿನ್ನಿನ ಜಾತಿಯ ತಂತಿ. ಅದು ಬರೀ ಸಡಿಲವಾಗಿದ್ದರೆ ಇಕ್ಕಳದಲ್ಲಿ ಮೆಲ್ಲಗೆ ಬಗ್ಗಿಸಿದರೆ ಮುಗಿಯಿತು. ಇರುವ ಬೆನ್ನನ್ನು ಉಳಿಸಿಕೊಳ್ಳುವುದಕ್ಕಿಂತ ದೊಡ್ಡ ರಿಪೇರಿಯಿಲ್ಲ. ಬುಡವೇ ಕಿತ್ತುಬಂದಿದ್ದರೆ ಮಾತ್ರ ಪೇಚು. ಅಲ್ಯೂಮಿನಿಯಮ್ಮಿನ ಮೇಲೆ ಗಾಳಿ ತಾಗಿದೊಡನೆ ಆಕ್ಸೈಡಿನ ಪೊರೆ ಕಟ್ಟುವುದರಿಂದ ಮಾಮೂಲಿ ಬೆಸುಗೆ ಹಿಡಿಯುವುದಿಲ್ಲ. ಹಿತ್ತಾಳೆಯದಾದರೆ ಹಿಡಿಯುತ್ತದೆ, ಆದರೆ ಮುಂದಿರುವುದು ಬರೀ ಬಣ್ಣವಾದರೆ ಸೋಲ್ಡರಿಂಗ್ ಕಡ್ಡಿಯ ಶಾಖಕ್ಕೆ ಗುಳ್ಳೆಯೆದ್ದೀತು. ಸುಮಾರು 800 ಡಿಗ್ರಿಯಲ್ಲಿ ಬೆಂದ ನಿಜವಾದ ಗಾಜಿನ ಎನಾಮಲ್ ತಾಳುತ್ತದೆ. ಅದೂ ನಿಧಾನವಾಗಿ ಕಾಯಿಸಿ ತಾನಾಗಿ ಆರಲು ಬಿಟ್ಟರೆ. ಅವಸರ ಮಾಡಿದರೆ ಸೀಳುಬಿಡುತ್ತದೆ.

ಹಾಗಾಗಿ ಅಂಟೇ ಗತಿ. ಚಿಕ್ಕಪೇಟೆಯಲ್ಲಿ ಸಿಗುವ ಓಲೆಯ ಕಡ್ಡಿ ಇದಕ್ಕೆ ಸಪೂರವಾಯಿತು, ಬಟ್ಟೆಯ ಒಳಗಿನಿಂದ ತುದಿಗೆ ಸಿಕ್ಕಿಸುವ ಚಿಟ್ಟೆ ಕ್ಲಿಪ್ಪು ಅದರ ಮೇಲೆ ಜಾರುತ್ತದೆ. ಡ್ರಾಯಿಂಗ್ ಪಿನ್ನೇ ವಾಸಿ. ಚಪ್ಪಟೆ ತಲೆಯನ್ನು ಎಮರಿ ಪೇಪರಿನಲ್ಲಿ ಉಜ್ಜಿ, ಬ್ಯಾಡ್ಜಿನ ಬೆನ್ನನ್ನೂ ಗೀರಿ, ಸ್ಪಿರಿಟ್ಟಿನಲ್ಲಿ ಜಿಡ್ಡು ಒರೆಸುತ್ತೇನೆ. ಅರಾಲ್ಡೈಟಿನ ಎರಡೂ ಟ್ಯೂಬುಗಳಿಂದ ಸಮಸಮ ಹಿಂಡಿ, ಬೆಂಕಿಕಡ್ಡಿಯಲ್ಲಿ ಕಲಸಿ, ಒಂದು ಚುಕ್ಕೆ ಇಟ್ಟು ಕೂರಿಸುವುದು. ಜಾಗ ಮುಖ್ಯ: ನಟ್ಟನಡುವೆ ಅಲ್ಲ, ತುಸು ಮೇಲಕ್ಕೆ. ಇಲ್ಲದಿದ್ದರೆ ಅಂಗಿಯ ಮೇಲೆ ಕರಡಿ ಮುಂದಕ್ಕೆ ಬಾಗಿ ನೆಲ ನೋಡುತ್ತದೆ. ಅಗಲದ ಬ್ಯಾಡ್ಜಾದರೆ ಎರಡು ಕಡ್ಡಿ ಬೇಕು, ಗಿರಕಿ ಹೊಡೆಯದಂತೆ. ಆಮೇಲೆ ಮರುದಿನದವರೆಗೆ ಮುಟ್ಟಬಾರದು. ಇಡೀ ಕೆಲಸದಲ್ಲಿ ಕಷ್ಟವಾದದ್ದು ಇದೇ. ಗಟ್ಟಿಯಾದ ಮೇಲೆ ತುದಿಯ ಹತ್ತಿರ ಸಣ್ಣ ಅರದಿಂದ ಸುತ್ತ ಒಂದು ಗೀರು ಹಾಕಿದರೆ ಚಿಟ್ಟೆಯ ಸ್ಪ್ರಿಂಗು ಅಲ್ಲಿ ಟಕ್ಕನೆ ಕೂರುತ್ತದೆ. ಆ ಸದ್ದಿಗಾಗಿಯೇ ಇಷ್ಟೆಲ್ಲ.

ಚಿಟ್ಟೆ ಕ್ಲಿಪ್ಪಿನ ಮೇಲೆ ನನಗೆ ಪೂರ್ತಿ ನಂಬಿಕೆಯಿಲ್ಲ, ರಬ್ಬರಿನದರ ಮೇಲಂತೂ ಇಲ್ಲವೇ ಇಲ್ಲ. ನಂಬಬೇಕಾದದ್ದು ಸೋವಿಯತ್ ಪದಕಗಳನ್ನು: ರೆಡ್ ಸ್ಟಾರ್ ಪದಕದ ಹಿಂದೆ ನಮ್ಮ ಓಲೆಯ ತಿರುಪಿನಂತೆ ಸುರುಳಿ ಗೀರುಗಳಿರುವ ಕಂಬ, ಅದಕ್ಕೊಂದು ಅಗಲವಾದ ಬಿಲ್ಲೆ. ಬಟ್ಟೆಗೆ ತೂತು ಬಿದ್ದರೂ ಪದಕ ಬೀಳದು.

ಬೆನ್ನು ಬದಲಾದರೆ ಸಂಗ್ರಾಹಕರ ಲೆಕ್ಕದಲ್ಲಿ ಬೆಲೆ ಕಡಿಮೆ. ಇರಲಿ. ಯಾರಿಗಾದರೂ ಕೊಡುವಾಗ ಬದಲಾಯಿಸಿದ್ದೇನೆ ಎಂದು ಹೇಳಿಯೇ ಕೊಡುತ್ತೇನೆ, ಮುರಿದ ಹಳೆಯ ಪಿನ್ನನ್ನೂ ಪುಟ್ಟ ಕವರಿನಲ್ಲಿ ಹಾಕಿ ಜೊತೆಗಿಡುತ್ತೇನೆ.