ಕಿವಿಯ ಸದ್ದಿಗೆ ಮನಸ್ಸಿನ ಮಾತ್ರೆ

ನಾನು ಖಿನ್ನತೆಗೆ ಕೊಡುವ ಮಾತ್ರೆ ತೆಗೆದುಕೊಳ್ಳುತ್ತೇನೆ. ರಾತ್ರಿ ಊಟವಾದ ಮೇಲೆ ಒಂದು, ಎಸ್ಸಿಟಲೋಪ್ರಾಮ್, 10 ಮಿಲಿಗ್ರಾಂ. ಈ ಸಂಗತಿ ಗೊತ್ತಿರುವುದು ಹೆಂಡತಿಗೆ, ಅಕ್ಕನಿಗೆ, ಬರೆದುಕೊಟ್ಟ ಡಾಕ್ಟರಿಗೆ. ನಂಜನಗೂಡಿನಂಥ ಊರಲ್ಲಿ ಇಷ್ಟು ವರ್ಷ ಮೇಷ್ಟ್ರಾಗಿದ್ದವನು ಇದನ್ನು ಬರೆದು ಅಚ್ಚಿಗೆ ಕೊಡಬೇಕೇ ಎಂದು ಬಹಳ ಯೋಚಿಸಿದೆ. ಕೊಡಲೇಬೇಕು ಅನ್ನಿಸಿತು. ನನ್ನ ಹಾಗೆ ಬಾಯಿಬಿಡದೆ ನರಳುತ್ತಿರುವವರು ನಂಜನಗೂಡು, ತಿ. ನರಸೀಪುರ ಈ ಎರಡು ತಾಲ್ಲೂಕಿನಲ್ಲೇ ಎಷ್ಟೋ ಜನ ಇರಬೇಕು.

ನನ್ನ ಎರಡೂ ಕಿವಿಯಲ್ಲಿ, ಎಡಗಡೆ ಕೊಂಚ ಜೋರಾಗಿ, ಕುಂಯ್ ಎನ್ನುವ ಸಣ್ಣ ಸದ್ದೊಂದು ಹಗಲೂ ರಾತ್ರಿ ಇದೆ. ಬೇರೆ ಯಾರಿಗೂ ಕೇಳದ ಸದ್ದು. ವೈದ್ಯರು ಇದಕ್ಕೆ ಟಿನ್ನಿಟಸ್ ಎನ್ನುತ್ತಾರೆ. ಅದರ ಬೆನ್ನಿಗೇ ಬಂದದ್ದು ಹೊರಗಿನ ಸದ್ದು ತಡೆಯಲಾಗದ ಕಷ್ಟ, ಹೈಪರಾಕ್ಯುಸಿಸ್. ಸ್ಟೀಲ್ ತಟ್ಟೆಯ ಮೇಲೆ ಚಮಚ ಬಿದ್ದರೆ ಕಿವಿಯೊಳಗೆ ಸೂಜಿ ಆಡಿದಂತಾಗುತ್ತಿತ್ತು. ಕುಕ್ಕರ್ ಕೂಗುವ ಹೊತ್ತಿಗೆ ಹಿತ್ತಲಿಗೆ ಹೋಗುತ್ತಿದ್ದೆ. ಊಟಿ ರಸ್ತೆಯ ಲಾರಿ ಹಾರನ್ನು, ಶಾಲೆಯ ಗಂಟೆ, ಮದುವೆ ಛತ್ರದ ವಾಲಗ, ಎಲ್ಲಕ್ಕೂ ಮೈ ಮೊದಲೇ ಬಿಗಿದುಕೊಂಡು ಕಾಯುತ್ತಿತ್ತು. ಫಾಲ್ಗುಣದ ದೊಡ್ಡಜಾತ್ರೆಗೆ ಶ್ರೀಕಂಠೇಶ್ವರನ ಐದು ತೇರುಗಳು ರಥಬೀದಿಗೆ ಇಳಿದಾಗ ಊರಿಗೆ ಊರೇ ಅಲ್ಲಿರುತ್ತದೆ. ಹುಟ್ಟಿದಂದಿನಿಂದ ತಪ್ಪಿಸದ ಆ ತೇರನ್ನು ಬಿಟ್ಟು ನಾನು ಕಿಟಕಿ ಮುಚ್ಚಿ, ಕಿವಿಗೆ ಹತ್ತಿ ತುರುಕಿಕೊಂಡು ಒಳಗೆ ಮಲಗಿದ್ದೆ. ಆ ದಿನ ಬದುಕು ಸಾಕೆನ್ನಿಸಿತ್ತು. ಇದನ್ನು ಹೆಂಡತಿಗೂ ಹೇಳಿದ್ದು ಎಷ್ಟೋ ಆಮೇಲೆ.

ಕಾರಣ ಹುಡುಕಿಕೊಂಡು ಬಹಳ ಅಲೆದೆ. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇರುವುದು ನಮ್ಮ ಕಡೆಯವರ ಪುಣ್ಯ. 1965ರಲ್ಲಿ ಶುರುವಾದ ಆ ಸಂಸ್ಥೆಗೆ ದೇಶದ ಮೂಲೆಮೂಲೆಯಿಂದ ಜನ ಬರುತ್ತಾರೆ. ನಂಜನಗೂಡಿನವನಿಗೆ ಅದು ಒಂದು ಬಸ್ಸಿನ ದಾರಿ. ಅಲ್ಲಿ ಕೋಣೆಯೊಳಗೆ ಕೂರಿಸಿ, ಹೆಡ್‌ಫೋನ್ ಹಾಕಿ, ಸದ್ದು ಕೇಳಿದಾಗಲೆಲ್ಲ ಗುಂಡಿ ಒತ್ತಿಸಿ ನಕ್ಷೆ ತೆಗೆದರು. ಮಾತು ಕೇಳುವ ಮಟ್ಟಿಗೆ ಕಿವಿ ಚೆನ್ನಾಗಿತ್ತು. 4000 ಹರ್ಟ್ಸ್ ಹತ್ತಿರ ಮಾತ್ರ ಗೆರೆ ಕೆಳಗಿಳಿದಿತ್ತು. ಜೋರು ಸದ್ದಿನಲ್ಲಿ ಬಹುಕಾಲ ಇದ್ದವರ ನಕ್ಷೆ ಸಾಮಾನ್ಯವಾಗಿ ಹೀಗಿರುತ್ತದಂತೆ. ನನ್ನ ಹುಡುಗತನ ಕಳೆದದ್ದು ತಿ. ನರಸೀಪುರದ ಬಳಿಯ ಹಳ್ಳಿಯಲ್ಲಿ, ಅಪ್ಪ ಕೆಲಸ ಮಾಡುತ್ತಿದ್ದ ಅಕ್ಕಿ ಗಿರಣಿಯಲ್ಲಿ. ರಜೆಯೆಲ್ಲ ಆ ಬೆಲ್ಟುಗಳ ಪಕ್ಕದಲ್ಲೇ. ಅದೇ ಕಾರಣವೆಂದು ಯಾರೂ ಖಚಿತವಾಗಿ ಹೇಳಲಾರರು. ಅಪ್ಪ ವಯಸ್ಸಾದ ಮೇಲೆ ರಾತ್ರಿ ರೇಡಿಯೊ ಹಾಕಿಕೊಂಡೇ ಮಲಗುತ್ತಿದ್ದರು, ಯಾಕೆಂದು ನಾವು ಮಕ್ಕಳು ಕೇಳಿರಲಿಲ್ಲ.

ಈ ಸದ್ದು ಹುಟ್ಟುವ ಬಗೆಯನ್ನು ಸಂಸ್ಥೆಯವರು ವಿವರಿಸಿದರು. ಒಳಗಿವಿಯಲ್ಲಿ ಸದ್ದನ್ನು ಹಿಡಿಯುವ ಕೂದಲಿನಂಥ ಸೂಕ್ಷ್ಮ ಕೋಶಗಳಿವೆ. ಅವು ಹಾಳಾದರೆ ಮತ್ತೆ ಚಿಗುರುವುದಿಲ್ಲ. ಅಲ್ಲಿಂದ ಬರಬೇಕಾದ ಸುದ್ದಿ ಬಾರದೆ ಹೋದಾಗ ಮಿದುಳು ತನ್ನ ಕೇಳುವ ಶಕ್ತಿಯನ್ನೇ ಏರಿಸಿಕೊಳ್ಳುತ್ತದೆ. ಹಾಗೆ ಏರಿಸಿಕೊಂಡಾಗ ಒಳಗೇ ಒಂದು ಸದ್ದು ಏಳುತ್ತದೆ, ಹೊರಗಿನ ಸಾಧಾರಣ ಸದ್ದೂ ಕರ್ಕಶವಾಗುತ್ತದೆ ಎಂಬುದು ಈಗ ಹೆಚ್ಚಿನವರು ಒಪ್ಪುವ ವಿವರಣೆ. ಅದಕ್ಕಿಂತ ನನ್ನನ್ನು ತಟ್ಟಿದ್ದು ಇನ್ನೊಂದು ಸಂಗತಿ. 1953ರಲ್ಲಿ ಅಮೆರಿಕದ ಹೆಲ್ಲರ್ ಮತ್ತು ಬರ್ಗ್‌ಮನ್ ಎಂಬ ಇಬ್ಬರು, ಕಿವಿ ಸರಿಯಿದ್ದ 80 ಮಂದಿಯನ್ನು ಸದ್ದೇ ಹೊಗದ ಕೋಣೆಯಲ್ಲಿ ಕೂರಿಸಿ ಏನು ಕೇಳುತ್ತಿದೆ ಎಂದು ವಿಚಾರಿಸಿದರು. ನೂರಕ್ಕೆ 94 ಮಂದಿ ಏನೋ ಒಂದು ಸದ್ದು ಕೇಳುತ್ತಿದೆ ಎಂದರು. ಹಾಗಾದರೆ ನಾನು ಕಳೆದುಕೊಂಡೆನೆಂದು ಅಳುತ್ತಿದ್ದ ನಿಶ್ಶಬ್ದ ಬಹುತೇಕ ಯಾರ ಬಳಿಯೂ ಇರಲಿಲ್ಲ. ಅವರು ಆ ಸದ್ದಿಗೆ ಹೆದರಲಿಲ್ಲ, ನಾನು ಹೆದರಿದೆ. ಪಾವೆಲ್ ಜಾಸ್ಟ್ರೆಬಾಫ್ ಎಂಬ ವಿಜ್ಞಾನಿ 1990ರಲ್ಲಿ ಮುಂದಿಟ್ಟ ಸಿದ್ಧಾಂತದ ತಿರುಳೂ ಇದೇ: ಮಿದುಳು ಒಂದು ಸದ್ದಿಗೆ ಅಪಾಯ ಎಂದು ಗುರುತು ಹಾಕಿಬಿಟ್ಟರೆ ಅದನ್ನು ಕೇಳದೆ ಇರಲು ಅದಕ್ಕೆ ಬರುವುದಿಲ್ಲ.

ಹೆದರಿಕೆ ಎಂಬ ಉತ್ತರ ನನಗೆ ಬೇಕಿರಲಿಲ್ಲ. ಕಿವಿ ಕೆಟ್ಟಿದೆ ಎಂದರೆ ಊರು ಅಯ್ಯೋ ಅನ್ನುತ್ತದೆ, ಮನಸ್ಸಿಗೆ ಔಷಧಿ ಎಂದರೆ ತಲೆ ಕೆಟ್ಟಿದೆ ಅನ್ನುತ್ತದೆ. ಅದಕ್ಕೇ ಮೊದಲು ಉಳಿದ ಬಾಗಿಲುಗಳನ್ನೆಲ್ಲ ತಟ್ಟಿದೆ. ಸುಶ್ರುತ ಹೇಳಿದ 28 ಕಿವಿರೋಗಗಳಲ್ಲಿ ಕರ್ಣನಾದವೂ ಒಂದು ಎಂದು ಪಂಡಿತರೊಬ್ಬರು ಬಿಲ್ವತೈಲ ಕೊಟ್ಟರು. ನಮ್ಮ ಚಿಕ್ಕಪ್ಪ, "ಅದು ಅನಾಹತ ನಾದ ಕಣಪ್ಪ. ಯೋಗಿಗಳಿಗೇ ಸುಲಭಕ್ಕೆ ಕೇಳಲ್ಲ, ಭಯ ಬೀಳಬೇಡ" ಎಂದು ಬೆನ್ನು ಸವರಿದರು. ಟಿಪ್ಪುವಿನ ಆನೆಗೆ ಕಣ್ಣು ಬರಿಸಿದ್ದಕ್ಕೆ ಹಕೀಂ ನಂಜುಂಡ ಎನ್ನಿಸಿಕೊಂಡ ದೇವರ ಊರು ನಮ್ಮದು. ಹರಕೆ ಹೊರದೆ ಇರುತ್ತೇನೆಯೇ? ಗಂಟೆಯ ಸದ್ದಿಗೆ ದೂರದಲ್ಲಿ, ಪ್ರಾಕಾರದ ಕೊನೆಯಲ್ಲಿ ನಿಂತು ಕೈಮುಗಿದೆ. ಈ ಯಾವುದರ ಮೇಲೂ ನನಗೆ ಅಗೌರವವಿಲ್ಲ. ಅವುಗಳಿಂದ ಸಿಕ್ಕ ಧೈರ್ಯ ದೊಡ್ಡದು. ನಿದ್ದೆ ಮಾತ್ರ ಬರಲಿಲ್ಲ.

ಕೊನೆಗೆ ಮನೋವೈದ್ಯರ ಮುಂದೆ ಕೂತಾಗ ನಾನು ಕೇಳಿದ್ದು ಒಂದೇ: ಸದ್ದು ಹೋಗುತ್ತದೆಯೇ? ಅವರು ಹೇಳಿದ್ದನ್ನು ಹಾಗೆಯೇ ಬರೆಯುತ್ತೇನೆ. "ಸದ್ದು ಹೋಗುತ್ತೆ ಅಂತ ನಾನು ಹೇಳಲ್ಲ ಮೇಷ್ಟ್ರೇ. ನಿಮ್ಮ ನಿದ್ದೆ, ಆತಂಕ, ಬದುಕೇ ಬೇಡ ಅನ್ನೋ ಯೋಚನೆ, ಇವಕ್ಕೆ ಮಾತ್ರೆ ಕೊಡ್ತೀನಿ. ಅವು ಇಳಿದರೆ ಸದ್ದು ತಾನಾಗಿ ಹಿಂದಕ್ಕೆ ಸರಿಯುತ್ತೆ. ಸರೀನಾ?" ಆ ಪ್ರಾಮಾಣಿಕತೆಗೆ ನಾನು ಇವತ್ತಿಗೂ ಋಣಿ. ಆಮೇಲೆ ಓದಿದಾಗ ತಿಳಿಯಿತು, ಅವರ ಮಾತು ವೈದ್ಯಲೋಕದ ತೀರ್ಮಾನಕ್ಕೆ ತಕ್ಕುದಾಗಿಯೇ ಇತ್ತು. ಅಮೆರಿಕದ ಕಿವಿ, ಮೂಗು, ಗಂಟಲು ವೈದ್ಯರ ಅಕಾಡೆಮಿ 2014ರಲ್ಲಿ ಹೊರಡಿಸಿದ ಮಾರ್ಗಸೂಚಿ, ಬರೀ ಟಿನ್ನಿಟಸ್‌ಗೆಂದು ಖಿನ್ನತೆಯ ಮಾತ್ರೆಗಳನ್ನು ವಾಡಿಕೆಯಾಗಿ ಬರೆಯಬಾರದು ಎನ್ನುತ್ತದೆ. ಜೊತೆಯಲ್ಲಿ ಖಿನ್ನತೆಯೋ ಆತಂಕವೋ ಇದ್ದರೆ ಅದಕ್ಕೆ ಚಿಕಿತ್ಸೆ ಆಗಲೇಬೇಕು, ಅದು ಬೇರೆ ಮಾತು. ಹೆಚ್ಚು ಆಧಾರವಿರುವುದು ಮಾತಿನ ಚಿಕಿತ್ಸೆಗೆ, ಸದ್ದಿನ ಬಗೆಗಿನ ನಮ್ಮ ಯೋಚನೆಯ ದಾರಿಯನ್ನೇ ನಿಧಾನವಾಗಿ ಬದಲಿಸುವ ಸಿಬಿಟಿಗೆ. ಅದನ್ನೂ ಮಾಡಿದೆ, ಮೈಸೂರಿಗೆ ಓಡಾಡಿಕೊಂಡು.

ಮಾತ್ರೆಯ ಪೊಟ್ಟಣದೊಳಗಿನ ಚೀಟಿಯಲ್ಲಿ ಅಡ್ಡಪರಿಣಾಮಗಳ ಪಟ್ಟಿ ಓದುತ್ತಾ ಹೋದೆ. ಅದರಲ್ಲಿ ಟಿನ್ನಿಟಸ್ ಕೂಡ ಇತ್ತು! ಪೊಟ್ಟಣ ಬಹಳ ದಿನ ಬೀರುವಿನಲ್ಲೇ ಉಳಿಯಿತು. ಶುರುಮಾಡಿದ ಮೊದಲ ದಿನಗಳು ಕಷ್ಟವಾಗಿದ್ದವು ನಿಜ. ಹೊಟ್ಟೆ ತೊಳೆಸುತ್ತಿತ್ತು, ಆತಂಕ ಇಳಿಯುವ ಬದಲು ಏರಿತು, ಸದ್ದೂ ಏರಿದಂತೆ ಕಂಡಿತು. ಈ ಔಷಧಿ ಹಿಡಿಯಲು ವಾರಗಳು ಬೇಕೆಂದು ಡಾಕ್ಟರು ಮೊದಲೇ ಎಚ್ಚರಿಸಿದ್ದರಿಂದ ಬಿಡಲಿಲ್ಲ.

ಮಾತ್ರೆ ಕೊಳ್ಳಲು ನಾನು ತಿ. ನರಸೀಪುರಕ್ಕೆ ಹೋಗುತ್ತಿದ್ದೆ. ನಂಜನಗೂಡಿನ ಮೆಡಿಕಲ್ ಸ್ಟೋರುಗಳಲ್ಲಿ ಕೂತವರಲ್ಲಿ ಎಷ್ಟೋ ಮಂದಿ ನನ್ನ ಹಳೆಯ ವಿದ್ಯಾರ್ಥಿಗಳು. ಚೀಟಿ ನೋಡಿ "ಯಾರಿಗೆ ಸಾರ್?" ಎಂದು ಕೇಳಿದರೆ ಏನು ಹೇಳುವುದು? ನರಸೀಪುರದಲ್ಲಾದರೆ ಅಕ್ಕನ ಮನೆಗೆ ಬಂದೆ ಎಂಬ ನೆಪವಿತ್ತು. ಒಂದು ಸಲ ನನ್ನ ಜೇಬಿನಿಂದ ಮಾತ್ರೆಯ ಪಟ್ಟಿ ಬಿದ್ದು ಅಕ್ಕನ ಕೈಗೆ ಸಿಕ್ಕಿತು. ಹೇಳಲೇಬೇಕಾಯಿತು. ಅವಳು ಎದ್ದು ಹೋಗಿ ತನ್ನ ಡಬ್ಬಿ ತಂದಳು. ಸಕ್ಕರೆ ಕಾಯಿಲೆಯಿಂದ ಅಂಗಾಲು ಉರಿಯುತ್ತದೆಂದು ಅವಳಿಗೆ ಕೊಟ್ಟಿದ್ದ ಡುಲಾಕ್ಸೆಟಿನ್ ಅದರಲ್ಲಿತ್ತು. ಅದೂ ಖಿನ್ನತೆಗೆ ಕೊಡುವ ಮಾತ್ರೆಯೇ ಎಂದೆ. "ಇರ್ಲಿ ಬಿಡೋ. ನಾನು ಎಲ್ರ ಮುಂದೇನೂ ನುಂಗ್ತೀನಿ, ನರದ ಮಾತ್ರೆ ಅಂತ. ನಿಂದೂ ನರದ್ದೇ ಅಲ್ವೇನೋ? ಕಿವಿ ನರ ಬೇರೆ, ಕಾಲಿನ ನರ ಬೇರೆಯಾ?" ಎಂದಳು. ಅವಳು ಹೆಚ್ಚು ಓದಿದವಳಲ್ಲ. ಪುಸ್ತಕಗಳು ಕೊಡದ ಬಿಡುಗಡೆಯನ್ನು ಅವಳ ಆ ಮಾತು ಕೊಟ್ಟಿತು.

ಅವತ್ತು ಸಂಜೆ ಗುಂಜಾ ನರಸಿಂಹಸ್ವಾಮಿ ದೇವಸ್ಥಾನದಿಂದ ಹೊಳೆಗೆ ಇಳಿದು, ಕಾವೇರಿ ಕಪಿಲೆ ಕೂಡುವ ಕಡೆ ಕೂತೆ. ನೀರಿನ ಸದ್ದು ನನ್ನ ಸದ್ದನ್ನು ಅರ್ಧಕ್ಕರ್ಧ ಮುಚ್ಚುತ್ತದೆ. ಬರೀ ಹತ್ತಿ ತುರುಕಿಕೊಂಡು ಕಿವಿಯನ್ನು ಉಪವಾಸ ಕೆಡವಬೇಡಿ, ಹಿತವಾದ ಸಣ್ಣ ಸದ್ದು ಸುತ್ತ ಇರಲಿ, ಇಲ್ಲವಾದರೆ ಕಿವಿ ಇನ್ನೂ ಸೂಕ್ಷ್ಮವಾಗುತ್ತದೆ ಎಂದು ಸಂಸ್ಥೆಯವರು ಹೇಳಿದ್ದರು. ಮಳೆಗಾಲದಲ್ಲಿ ಕಬಿನಿ ಜಲಾಶಯದಿಂದ ನೀರು ಬಿಟ್ಟು, ನಂಜನಗೂಡಿನ ಹದಿನಾರು ಕಾಲು ಮಂಟಪ ಮುಳುಗುವಷ್ಟು ಕಪಿಲೆ ತುಂಬಿದಾಗ, ಪ್ರವಾಹಕ್ಕೆ ಊರು ಹೆದರಿರುವಾಗಲೂ, ಆ ಮೊರೆತದ ಪಕ್ಕ ನನಗೆ ನಿದ್ದೆ ಹತ್ತಿದೆ.

ಮಾತ್ರೆಯಿಂದ ಎಷ್ಟು ಉಪಯೋಗವಾಯಿತು? ನರಸೀಪುರದ ಕ್ಷೇತ್ರ ಕಾಶಿಗಿಂತ ಒಂದು ಗುಲಗಂಜಿ ತೂಕ ಹೆಚ್ಚು ಎಂದು ನಮ್ಮ ಕಡೆ ನಂಬಿಕೆ. ನನಗೆ ಸಿಕ್ಕ ಉಪಯೋಗವೂ ಗುಲಗಂಜಿಯ ತೂಕದ್ದೇ. ತಕ್ಕಡಿ ಬದುಕಿನ ಕಡೆಗೆ ವಾಲಲು ಅಷ್ಟು ಸಾಕಾಯಿತು. ಸದ್ದು ಕಡಿಮೆಯಾಗಿಲ್ಲ, ಇದನ್ನು ಬರೆಯುವಾಗಲೂ ಇದೆ. ಆದರೆ ಅದರ ಜೊತೆ ರಾತ್ರಿಯೆಲ್ಲ ವಾದ ಮಾಡುವುದು ನಿಂತಿದೆ. ಕುಕ್ಕರ್ ಕೂಗಿದರೆ ಕೂತಲ್ಲೇ ಕೂತಿರುತ್ತೇನೆ. ಮೊಮ್ಮಗಳು ತಟ್ಟೆ ಬಡಿದು ಆಡುವುದನ್ನು ಮನೆಯವರು ಈಗ ತಡೆಯುವುದಿಲ್ಲ.

ಇನ್ನೊಂದು ಕಡೆಯನ್ನೂ ಹೇಳಬೇಕು. ಬೆನ್ನು ಸವರಿ ಧೈರ್ಯ ಹೇಳಿದ ಆ ಚಿಕ್ಕಪ್ಪ ತೀರಿಕೊಂಡಾಗ ನನಗೆ ಅಳು ಬರಲಿಲ್ಲ. ದುಃಖವಿತ್ತು, ಅದು ಗಾಜಿನಾಚೆ ನಿಂತಿತ್ತು. ಈ ಮಾತ್ರೆಗಳು ಕೆಲವರಲ್ಲಿ ಭಾವನೆಯ ಮೊನೆಯನ್ನೇ ಸವೆಸುತ್ತವೆ, ದಾಂಪತ್ಯದ ಆಸೆಯನ್ನೂ ಕುಗ್ಗಿಸುತ್ತವೆ. ಎರಡೂ ನನಗೆ ಅನುಭವ. ಹಾಗಾದರೆ ಈ ಸಮಾಧಾನ ನನ್ನದೋ ಮಾತ್ರೆಯದೋ? ಈ ಪ್ರಶ್ನೆ ನನ್ನನ್ನು ಬಹಳ ಕಾಡಿದ್ದು ಧ್ವನಿವರ್ಧಕಗಳ ವಿಷಯದಲ್ಲಿ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ಜನವಸತಿಯಲ್ಲಿ ಹಗಲು 55, ರಾತ್ರಿ 45 ಡೆಸಿಬೆಲ್ ಮಿತಿ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಮೈಕು ಹಾಕುವಂತಿಲ್ಲ. ಸುಪ್ರೀಂ ಕೋರ್ಟು 2005ರಲ್ಲಿ ಇದನ್ನು ಗಟ್ಟಿಯಾಗಿ ಹೇಳಿತು. ಮೊದಲು ನಾನು ಇದಕ್ಕಾಗಿ ಅರ್ಜಿ ಬರೆಯುತ್ತಿದ್ದೆ. ಮಾತ್ರೆ ಹಿಡಿದ ಮೇಲೆ ಬರೆಯುವುದು ನಿಂತುಹೋಗಿತ್ತು, ಯಾಕೆಂದರೆ ನನಗೆ ತಡೆಯುವಷ್ಟಾಗಿತ್ತು. ಪಕ್ಕದ ಮನೆಯ ಹಸುಗೂಸಿಗೆ, ಎದುರು ಮನೆಯ ಹೃದಯರೋಗಿಗೆ ತಡೆಯುವಷ್ಟಾಗಿರಲಿಲ್ಲ. ನನ್ನ ರೋಗ ಬೇರೆ, ಊರಿನ ಗದ್ದಲ ಬೇರೆ. ಒಂದಕ್ಕೆ ಮಾತ್ರೆ ಇದೆ. ಇನ್ನೊಂದಕ್ಕೆ ಅರ್ಜಿಯೇ ಬೇಕು. ಈಗ ಮತ್ತೆ ಬರೆಯುತ್ತಿದ್ದೇನೆ.

ಮಾತ್ರೆ ಬಿಡುವ ಪ್ರಯತ್ನವೂ ಆಗಿದೆ, ಡಾಕ್ಟರ ಸಲಹೆಯಂತೆ, 10ರಿಂದ 5ಕ್ಕೆ ಇಳಿಸಿ. ತಲೆಯೊಳಗೆ ಕರೆಂಟು ಹೊಡೆದಂಥ ಜುಮ್ಮು ಕೆಲವು ದಿನ ಇದ್ದು ಹೋಯಿತು. ಹೋಗದೆ ಉಳಿದದ್ದು ಹಳೆಯ ಹೆದರಿಕೆ. ಮತ್ತೆ 10ಕ್ಕೇ ಬಂದೆ. ಸೋತೆನೇ ಎಂದು ನನ್ನನ್ನೇ ಕೇಳಿಕೊಂಡೆ. ಅಳು ಕಳೆದುಕೊಂಡದ್ದು ನಷ್ಟವೇ ಸರಿ. ಆದರೂ ತೇರಿನ ದಿನ ಒಳಗೆ ಮಲಗಿ ಸಾವನ್ನು ನೆನೆದವನಾಗಿ ಉಳಿಯುವುದಕ್ಕಿಂತ ಈ ನಷ್ಟವನ್ನು ಹೊರುವುದು ಲೇಸೆಂದು ನಾನೇ ತೂಗಿ ನೋಡಿ ಒಪ್ಪಿದ್ದೇನೆ. ಇನ್ನೊಬ್ಬರ ಲೆಕ್ಕ ಬೇರೆ ಇರಬಹುದು.

ಕಿವಿಯಲ್ಲಿ ಸದ್ದು ಎನ್ನುವವರು ನಿಮ್ಮ ಮನೆಯಲ್ಲಿದ್ದರೆ ದಯವಿಟ್ಟು ಅವರನ್ನು ನಂಬಿ. ಮೊದಲು ಕಿವಿ ಪರೀಕ್ಷೆ ಮಾಡಿಸಿ. ಒಂದೇ ಕಿವಿಯಲ್ಲಿ ಸದ್ದಿದ್ದರೆ, ನಾಡಿ ಬಡಿದಂತೆ ಬಡಿದರೆ, ಇದ್ದಕ್ಕಿದ್ದಂತೆ ಕೇಳಿಸದೆ ಹೋದರೆ ತಡಮಾಡಬೇಡಿ. ನನ್ನ ಮಾತ್ರೆಯ ಹೆಸರನ್ನು ಅಂಗಡಿಯಲ್ಲಿ ಹೇಳಿ ಕೊಳ್ಳಬೇಡಿ, ತೆಗೆದುಕೊಳ್ಳುತ್ತಿರುವುದನ್ನು ಒಮ್ಮೆಗೇ ಬಿಡಲೂ ಬೇಡಿ. ಎರಡನ್ನೂ ವೈದ್ಯರನ್ನು ಕೇಳಿಯೇ ಮಾಡಿ. ಬದುಕು ಸಾಕೆನ್ನಿಸಿದ ರಾತ್ರಿ ಟೆಲಿ ಮಾನಸ್ ಸಂಖ್ಯೆ 14416ಕ್ಕೆ ಫೋನು ಮಾಡಿ. ಎಷ್ಟು ಹೊತ್ತಿನಲ್ಲಾದರೂ ಎತ್ತುತ್ತಾರೆ, ಕನ್ನಡದಲ್ಲೇ ಮಾತಾಡಬಹುದು, ಹಣ ಕೊಡಬೇಕಾಗಿಲ್ಲ.